ಖಾಲಿಯ ಸದ್ದು

ಬಂದರಿನ ಓಣಿ. ಒಣಮೀನಿನ ಗೋಣಿಗಳನ್ನು ದಾಟಿ
ಹಗ್ಗದಂಗಡಿಯ ಪಕ್ಕ ಮೂರು ಮೆಟ್ಟಿಲು ಕೆಳಗೆ.
"ಏರೆಗ್ ಬಾಯಮ್ಮಾ?" ಅಂದರು ಚೆಯ್ಯಬ್ಬ ಬ್ಯಾರಿ,
ನನ್ನ ಹಿಂದೆ ಗಂಡಸೊಬ್ಬ ಇಳಿದು ಬರುತ್ತಾನೆಂದು
ಮೆಟ್ಟಿಲ ಕಡೆಗೇ ನೋಡುತ್ತ.
"ಎಂಕೇ" ಅಂದೆ.
ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ:
ಸೆವ್ರಿನ್ ಮತಾಯಸ್, ಪ್ರಾಯ ಐವತ್ತೆರಡು,
ಬೆಳೆ ರಕ್ಷಣೆ, ಒಂಟಿ ನಳಿಗೆ, ಬಾಯಿಂದ ಮದ್ದು ತುಂಬುವುದು.
ಹದಿನಾಲ್ಕು ತಿಂಗಳು ಕಚೇರಿಯ ಬೆಂಚಿನಲ್ಲಿ
ನನ್ನ ಜೊತೆಗೇ ಕೂತು ಮಾಸಿದ ಕಾಗದ.

ಎಂತ ಬೆಳೆ? ಗೆಣಸು.
ಎಂತ ಉಪದ್ರ? ಹಂದಿ.
ಎಷ್ಟುಂಟು? ಎಣಿಸಲಿಕ್ಕೆ ಅವು ನಿಲ್ಲಬೇಕಲ್ಲ.
ಕೊಲ್ಲಲಿಕ್ಕಾ? ಅಲ್ಲ ಮಾರ್ರೆ, ಹೆದರಿಸಲಿಕ್ಕೆ.
ಅವರು ನಕ್ಕರು:
ಮೊದಲ ಈಡಿಗೆ ಹೆದರುವುದು ಹಂದಿಯಲ್ಲ.

ಹಳೆ ಲುಂಗಿ ಹಾಸಿ ಮೂರು ಕೋವಿ ಮಲಗಿಸಿದರು,
ಬಂಗುಡೆ ಜೋಡಿಸಿದ ಹಾಗೆ, ತಲೆ ಒಂದೇ ಕಡೆ.

ಒಂದು, ಕಿಡಿಕಲ್ಲಿನದು. ಹಿತ್ತಾಳೆಯ ಬಳ್ಳಿ, ಬಳ್ಳಿಯಲ್ಲಿ ಹಕ್ಕಿ.
ಕೈ ತಾನಾಗಿ ಅದರ ಮೇಲೆ ಹೋಯಿತು.
"ಚಂದ ಉಂಟು. ಗೋಡೆಗೆ ಒಳ್ಳೆಯದು.
ಆಟಿಯಲ್ಲಿ ನೆನೆದ ಬೆಂಕಿಪೆಟ್ಟಿಗೆ ಗೀರಿದ್ದೀರಲ್ಲ,
ಅದೇ ಇದು."

ಎರಡನೆಯದರ ಬಾಯಿಗೆ ಬಗ್ಗಿ ಕಣ್ಣಿಡಹೋದೆ.
ನಳಿಗೆಯನ್ನು ತಟ್ಟನೆ ಆಚೆ ತಳ್ಳಿದರು,
ನಗು ಇರಲಿಲ್ಲ ಈಗ.
ಗಜ ಇಳಿಸಿ ನೋಡಿ, ಕೇಪು ಕೂರುವ ಮೊಳೆ ತಿರುವಿ ತೆಗೆದು,
ಹಿಂದಿನಿಂದ ಟಾರ್ಚು ಹಿಡಿದು, ಆಮೇಲೆ "ಈಗ ನೋಡಿ" ಅಂದರು.
ಒಳಗೆ ಸುರುಳಿ ಗೆರೆ, ಶ್ಯಾವಿಗೆ ಒರಳಿನ ತಿರುಪು.
"ಗುಂಡು ತಿರುಗುತ್ತ ಹೋಗುತ್ತದೆ. ದೂರ. ನೇರ."
ನನ್ನ ಗದ್ದೆ ಐವತ್ತು ಹೆಜ್ಜೆ,
ಅದರಾಚೆ ಲೂಸಿಯ ಬಚ್ಚಲುಮನೆ.
ದೂರವೂ ಬೇಡ, ಅಷ್ಟು ನೇರವೂ ಬೇಡ ಅಂದೆ.
ಕಾಗದವೂ ಅದಕ್ಕಿಲ್ಲ ಅಂದರು.

ಮೂರನೆಯದು ಕೇಪಿನದು, ನುಣ್ಣಗಿನ ನಳಿಗೆ.
ಹಿಡಿಯ ಮರ ಕಾರ್ಕಳದ ಯಾವನೋ ಆಚಾರಿ
ಮತ್ತೆ ಕೆತ್ತಿ ಕೂರಿಸಿದ್ದು. ಬಣ್ಣ ಎರಡು ತರ.
"ಕಣ್ಣು ಮುಚ್ಚಿ. ಎತ್ತಿ. ಕೆನ್ನೆಗೆ ತನ್ನಿ. ಈಗ ತೆರೆಯಿರಿ.
ಎಲ್ಲಿ ನೋಡುತ್ತಿದೆ, ನೀವು ನೋಡುವಲ್ಲಿಯಾ?"
ಹೌದು. ಗೋಡೆಯ ಕ್ಯಾಲೆಂಡರಿನ ಹದಿನೇಳನೇ ತಾರೀಕು.
ಅರ್ಧ ಕೊಡಪಾನದ ಭಾರ. ಬಾವಿ ಸೇದುವ ತೋಳಿಗೆ
ಹೊಸದಾಗಿ ಪರಿಚಯ ಹೇಳಬೇಕಾಗಲಿಲ್ಲ.

"ಇನ್ನು ಒಂದೇ ಪಾಠ. ಉಳಿದದ್ದು ಕೋವಿಯೇ ಕಲಿಸುತ್ತದೆ."
ಗಜವನ್ನು ಬಾಯಿಯಿಂದ ಒಳಗೆ ಬಿಟ್ಟರು.
ಠಣ್.
ಚಿಂದಿಯ ಉಂಡೆ ತುರುಕಿ ಮತ್ತೆ ಬಿಟ್ಟರು.
ದೊಬ್.
"ಠಣ್ ಅಂದರೆ ಖಾಲಿ. ದೊಬ್ ಅಂದರೆ ಅಲ್ಲ.
ಗಜದಲ್ಲಿ ಈ ಗೀರು ನೋಡಿ, ಬಾಯಿಯ ಮಟ್ಟಕ್ಕೆ ನಿಂತರೆ ಖಾಲಿ,
ಮೇಲೆ ನಿಂತರೆ ಯಾರ ಮಾತೂ ಕೇಳಬೇಡಿ.
ನನ್ನ ಮಾತೂ."

ನಮ್ಮ ಮನೆಯ ಹಜಾರದಲ್ಲಿ ಗಾಸ್ಪರ್ ಮಾಮನ ಫೋಟೋ ಉಂಟು,
ಮದುವೆಯ ಕೋಟು, ಎಡಗೈ ಜೇಬಿನಲ್ಲಿ.
ಫೆಸ್ತಿನ ಫೋಟೋದಲ್ಲೂ ಜೇಬಿನಲ್ಲಿ,
ಅಣ್ಣನ ಮಗುವಿನ ನಾಮಕರಣದಲ್ಲೂ.
ಚಿಕ್ಕವಳಿದ್ದಾಗ ಶೋಕಿ ಅಂದುಕೊಂಡಿದ್ದೆ.
ಖಾಲಿ ಉಂಟು ಹಿಡ್ಕೊ, ಅಂದಿದ್ದರಂತೆ ಯಾರೋ
ಬೇಲಿ ಹಾರುವ ಮೊದಲು.

ಬ್ಯಾರಿಗೆ ಇದನ್ನು ಹೇಳಲಿಲ್ಲ.
ಗಜ ಕೇಳಿ ಇಸಕೊಂಡು ಮೂರಕ್ಕೂ ಬಿಟ್ಟೆ, ಒಂದೊಂದಾಗಿ.
ಹಕ್ಕಿಯದು ತುಕ್ಕು ತಿಂದು ಗೊಗ್ಗರು,
ಸುರುಳಿಯದು ಬಿಗಿ, ಸಣ್ಣ ಸ್ವರ.
ಮೂರನೆಯದು ಇಗರ್ಜಿಯ ಸಣ್ಣ ಗಂಟೆಯ ಹಾಗೆ
ತಡವಾಗಿ ಆರಿತು.
ಇದು ಸಾಕು ಅಂದೆ.
ಬೆಲೆಯಲ್ಲಿ ಇನ್ನೂರು ಬಿಟ್ಟರು, ಲುಂಗಿಯನ್ನೂ.

"ಓಟು ಬಂದಾಗ ಠಾಣೆಗೆ ಒಪ್ಪಿಸಿ ರಶೀದಿ ತಗೊಳ್ಳಿ,
ಮದ್ದು ಅಡಿಗೆಮನೆಯಲ್ಲಿಡಬೇಡಿ, ಪಾತಿಮಾ ಇಟ್ಟಿದ್ದಳು..."
ಹೇಳುತ್ತಲೇ ಇದ್ದರು, ನಾನು ಮೆಟ್ಟಿಲು ಹತ್ತಿ ಆಗಿತ್ತು.

ಬಸ್ಸಿನಲ್ಲಿ ಮೂಲ್ಕಿ ಸೇತುವೆ. ಮೊಣಕಾಲ ನಡುವೆ ಉದ್ದದ ಗಂಟು.
ಎಂತ ಬಾಯಮ್ಮ ಇದು, ಅಂದ ಕಂಡಕ್ಟರ್,
ಕೊಡೆಯಾ?
ಕೋವಿ, ಅಂದೆ. ಖಾಲಿ ಉಂಟು.
ಅಂದವಳೇ
ಲುಂಗಿಯ ಗಂಟಿಗೆ ಕೈ ಹಾಕಿದೆ.